ಸ್ಟೌ ಸಿಡಿದ ಸುದ್ದಿಗಳು: ಮನೆಯೊಳಗಿನ ಹಿಂಸೆಯನ್ನು ಓದಲು ಕಲಿತ ಚರಿತ್ರೆ

‘ಕೆರೆಗೆ ಹಾರ’ ಕಥನಗೀತೆ ಪಠ್ಯಪುಸ್ತಕಗಳ ಮೂಲಕ ನಮ್ಮಲ್ಲಿ ಬಹಳ ಮಂದಿಗೆ ಪರಿಚಿತ. ಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಬಲಿ ಕೊಡಬೇಕೆಂಬ ಮಾತು ಹುಟ್ಟುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಉಳಿಯುವುದಿಲ್ಲವೆಂದು ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಗಂಡ ದಂಡಿನಲ್ಲಿದ್ದಾನೆ. ತರಗತಿಯಲ್ಲಿ ಈ ಹಾಡಿನ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಇದು ತ್ಯಾಗವೋ, ಕೊಲೆಯೋ?

ನನ್ನ ಕುತೂಹಲ ಹಾಡಿನ ನಡುವಿನ ಭಾಗದ ಬಗ್ಗೆ. ವಿಷಯ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಎಂದೂ ಹೀಗೆ ಬಾರದ ಮಗಳು ಅಳುತ್ತ ಬಂದದ್ದೇಕೆ ಎಂದು ಅಪ್ಪ ಕೇಳುತ್ತಾನೆ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಪ್ಪ ಹೊಲಮನೆ ಕೊಡಿಸುವ ಮಾತಾಡುತ್ತಾನೆ, ತಾಯಿ ಒಡವೆಯ ಮಾತಾಡುತ್ತಾಳೆ. ಇಬ್ಬರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನಿಜ ಹೊರಬರುವುದು ಗೆಳತಿಯ ಮುಂದೆ. ಅದನ್ನು ಕೇಳಿದ ಗೆಳತಿಯೂ, ಅವರು ಇಟ್ಟ ಹಾಗೆ ಇರಬೇಕಲ್ಲ ಎಂಬರ್ಥದ ಮಾತು ಹೇಳಿ ಕಳಿಸುತ್ತಾಳೆ. ಭಾಗೀರಥಿ ಮರಳಿ ಅದೇ ಮನೆಗೆ ಹೋಗುತ್ತಾಳೆ.

ಕೌಟುಂಬಿಕ ಹಿಂಸೆಯ ಗುರುತುಗಳೆಂದು ಇಂದು ಸಮಾಲೋಚಕರು ಪಟ್ಟಿ ಮಾಡುವ ಅನೇಕ ಸಂಗತಿಗಳು ಈ ಕೆಲವು ಸಾಲುಗಳಲ್ಲೇ ಇವೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಕರೆಯಲು ಹೋದವರಿಲ್ಲ. ಆದರೂ ಬಂದ ಮಗಳು. ಕಣ್ಣೀರಿಗೂ ಹೇಳಿದ ಕಾರಣಕ್ಕೂ ತಾಳೆಯಾಗದಿರುವುದು. ಹೆತ್ತವರಿಗೆ ಒಂದು ಉತ್ತರ, ಗೆಳತಿಗೆ ಇನ್ನೊಂದು. ಹಾಡು ಕಟ್ಟಿದ ಹೆಂಗಸರಿಗೆ ಇದೆಲ್ಲ ಗೊತ್ತಿತ್ತು. ಹಾಡಿನೊಳಗಿನ ಅಪ್ಪ ಅಮ್ಮನಿಗೆ ಮಾತ್ರ ಗೊತ್ತಾಗಲಿಲ್ಲ. ಹಾಗಾಗಿ ಗುರುತುಗಳು ಇತ್ತೀಚೆಗೆ ಕಂಡುಹಿಡಿದವು ಎಂದು ಹೇಳುವುದು ಕಷ್ಟ. ಹೊಸದಾಗಿರುವುದು ಅವುಗಳನ್ನು ಓದುವ ಕೆಲಸವನ್ನು ಸಂಸ್ಥೆಗಳು ವಹಿಸಿಕೊಂಡದ್ದು. ಪೊಲೀಸ್ ಠಾಣೆ, ಆಸ್ಪತ್ರೆ, ನ್ಯಾಯಾಲಯ, ಜನಗಣತಿಯಂಥ ಸಮೀಕ್ಷೆ: ಇವು ಓದಲು ಕಲಿತ ಕ್ರಮ ವಿಚಿತ್ರವಾಗಿದೆ. ಅವು ಹಿಮ್ಮುಖವಾಗಿ ಕಲಿತವು. ಮೊದಲು ಹೆಣವನ್ನು ಓದಿದವು, ಆಮೇಲೆ ಗಾಯವನ್ನು, ಬಹಳ ತಡವಾಗಿ ಬದುಕಿರುವವಳ ದಿನಚರಿಯನ್ನು.

ಅದಕ್ಕೂ ಮೊದಲು ನಮ್ಮ ನೆರೆಹೊರೆಗೆ ಓದದಿರುವುದನ್ನು ಕಲಿಸಿದ ಗಾದೆಯೊಂದನ್ನು ನೆನೆಯಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಕೇಳಲು ಸಮಾಧಾನದ ಮಾತು. ಜಗಳಕ್ಕೆ ಇಬ್ಬರು ಬೇಕು, ಹೊಡೆತಕ್ಕೆ ಒಬ್ಬ ಸಾಕು. ಗಾದೆ ಎರಡನ್ನೂ ಒಂದೇ ಹೆಸರಿನಿಂದ ಕರೆದು ಪಕ್ಕದ ಮನೆಯ ಬಾಗಿಲು ಹಾಕಿಸುತ್ತದೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬುದು ತವರಿನ ಬಾಗಿಲನ್ನು ಹಾಕಿಸುವ ಗಾದೆ. ಪತ್ರಿಕೆಗಳು ಹಿಂಸೆಗೆ ಬಳಸುವ ‘ಕಿರುಕುಳ’ ಎಂಬ ಪದದ ಹಳೆಯ ಅರ್ಥದಲ್ಲೂ ಸಣ್ಣದು, ಚಿಲ್ಲರೆಯದು ಎಂಬ ಛಾಯೆಯಿದೆ. ಭಾಷೆಯಲ್ಲಿ ಹೀಗೆ ಮೊದಲೇ ಕಿರಿದಾಗಿಬಿಟ್ಟದ್ದನ್ನು ಠಾಣೆಯಲ್ಲಿ ದೊಡ್ಡದೆಂದು ಒಪ್ಪಿಸುವುದು ಸುಲಭವಲ್ಲ.

ಹಳೆಯ ಕನ್ನಡ ಪತ್ರಿಕೆಗಳ ಒಳಪುಟ ತಿರುವಿದವರಿಗೆ ಒಂದು ಕಾಲಂನ ಸಾವಿನ ಸುದ್ದಿಗಳ ಪರಿಚಯವಿರುತ್ತದೆ. ಅವುಗಳಿಗೊಂದು ಸಿದ್ಧ ಭಾಷೆಯಿದೆ. ಸ್ಟೌ ಸಿಡಿದು ಗೃಹಿಣಿ ಸಾವು. ಹೊಟ್ಟೆನೋವು ತಾಳಲಾರದೆ ನೇಣಿಗೆ ಶರಣು. ಜೀವನದಲ್ಲಿ ಜುಗುಪ್ಸೆಗೊಂಡು ಬಾವಿಗೆ ಹಾರಿದ ಮಹಿಳೆ. ಇವು ವರದಿಗಾರರು ಕಟ್ಟಿದ ವಾಕ್ಯಗಳಲ್ಲ. ಠಾಣೆಯ ಅಸಹಜ ಸಾವಿನ ವರದಿಯಿಂದ, ಅಲ್ಲಿಗೆ ದೂರು ಬರೆದುಕೊಟ್ಟವರ ಮಾತಿನಿಂದ ಹಾಗೇ ಇಳಿದು ಬಂದವು. ದೂರು ಕೊಡುವವರು ಅನೇಕ ಸಲ ಗಂಡನ ಮನೆಯವರೇ ಆಗಿರುತ್ತಾರೆ. ಹೊಟ್ಟೆನೋವು ನಿಜವಾಗಿಯೂ ಇದ್ದಿರಬಹುದು. ಆದರೆ ಯಾವ ವೈದ್ಯರಿಗೆ ತೋರಿಸಿದ್ದರು, ಎಷ್ಟು ದಿನದಿಂದ ಇತ್ತು, ಔಷಧಿ ಚೀಟಿ ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಆ ವಾಕ್ಯದಲ್ಲಿ ಜಾಗವಿಲ್ಲ. ಸಾವಿನ ಕಾರಣವನ್ನು ತಿಳಿಸುವುದಕ್ಕಿಂತ ಹೆಚ್ಚಾಗಿ ಕಡತವನ್ನು ಮುಚ್ಚುವ ವಾಕ್ಯ ಅದು.

ಈ ವಾಕ್ಯಗಳನ್ನು ಮೊದಲು ಬಹಿರಂಗವಾಗಿ ಅನುಮಾನಿಸಿದವರು ಬೀದಿಗಿಳಿದ ಹೆಂಗಸರು. ವರದಕ್ಷಿಣೆ ವಿರೋಧಿ ಪ್ರತಿಭಟನೆಗಳು 1975ರಲ್ಲೇ ಹೈದರಾಬಾದಿನಲ್ಲಿ ನಡೆದಿದ್ದವು. ತುರ್ತುಪರಿಸ್ಥಿತಿ ಅವನ್ನು ಅಡಗಿಸಿತು. 1979ರಲ್ಲಿ ದೆಹಲಿಯಲ್ಲಿ ಯುವತಿಯೊಬ್ಬಳು ಸುಟ್ಟು ಸತ್ತಳು. ಸಾಯುವ ಮುನ್ನ ಆಕೆ ಗಂಡನ ಮನೆಯವರ ಹೆಸರು ಹೇಳಿದ್ದರೂ ಪೊಲೀಸರು ಆತ್ಮಹತ್ಯೆ ಎಂದು ದಾಖಲಿಸಿದರು. ಮಹಿಳಾ ಸಂಘಟನೆಗಳು ಆ ಮನೆಯ ಮುಂದೆ ಮೆರವಣಿಗೆ ನಡೆಸಿದವು. ರಾಧಾ ಕುಮಾರ್ ತಮ್ಮ ‘ದ ಹಿಸ್ಟರಿ ಆಫ್ ಡೂಯಿಂಗ್’ ಪುಸ್ತಕದಲ್ಲಿ (1993) ಈ ಘಟ್ಟವನ್ನು ವಿವರವಾಗಿ ದಾಖಲಿಸಿದ್ದಾರೆ. ಅದುವರೆಗೆ ಮನೆಯ ಖಾಸಗಿ ದುರಂತವಾಗಿದ್ದದ್ದು ಬೀದಿಯ ಪ್ರಶ್ನೆಯಾಯಿತು. ಸುಮಾರು ಅದೇ ಹೊತ್ತಿಗೆ ‘ಓಂ ಸ್ವಾಹಾ’ ಬೀದಿನಾಟಕ ದೆಹಲಿಯ ಬಡಾವಣೆಗಳಲ್ಲಿ ಆಡಲಾರಂಭಿಸಿತು.

ಆ ವರ್ಷವೇ ಸತ್ಯರಾಣಿ ಚಡ್ಡಾ ಅವರ ಮಗಳೂ ಸುಟ್ಟು ಸತ್ತಳು. ಆಕೆ ಗರ್ಭಿಣಿ. ಗಂಡನ ಮನೆಯವರು ಸ್ಕೂಟರ್ ಕೇಳಿದ್ದರು. ಆಮೇಲಿನ ದಶಕಗಳನ್ನು ಸತ್ಯರಾಣಿ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಕಳೆದರು. ಅವರಂತೆಯೇ ಮಗಳನ್ನು ಕಳೆದುಕೊಂಡ ಶಾಹಜಹಾನ್ ಆಪಾ ಜೊತೆಗೂಡಿ 1987ರಲ್ಲಿ ‘ಶಕ್ತಿ ಶಾಲಿನಿ’ ಎಂಬ ಆಶ್ರಯ ಸಂಸ್ಥೆ ಕಟ್ಟಿದರು. 2014ರಲ್ಲಿ ತೀರಿಕೊಂಡರು. ಈ ಇಬ್ಬರು ತಾಯಂದಿರ ಕೆಲಸವನ್ನು ನಾನು ಒಂದು ಬಗೆಯ ಚರಿತ್ರೆಯ ಬರವಣಿಗೆಯೆಂದೇ ನೋಡುತ್ತೇನೆ. ಸಾವಾದ ಮೇಲೆ ಅವರು ಹಿಂದಕ್ಕೆ ಹೋಗಿ ಓದಿದರು: ಯಾವ ಹಬ್ಬಕ್ಕೆ ಬಂದಾಗ ಮಗಳು ಸುಮ್ಮನಿದ್ದಳು, ಯಾವ ತಿಂಗಳು ಏನು ಕೇಳಿ ಕಳಿಸಿದ್ದರು, ಕೊಟ್ಟದ್ದರ ಬಗ್ಗೆ ಏನು ಕೊಂಕು ನುಡಿದರು. ಗುರುತುಗಳ ಪಟ್ಟಿ ಮೊದಲು ತಯಾರಾದದ್ದು ವಿಶ್ವವಿದ್ಯಾಲಯಗಳಲ್ಲಲ್ಲ. ಹೀಗೆ ಹಿಂತಿರುಗಿ ನೋಡಿದ ತಾಯಂದಿರ ನೆನಪಿನಲ್ಲಿ.

ಕಾನೂನು ಸ್ವಲ್ಪ ಹಿಂದೆಯೇ ಬಂತು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೊಡುವುದು, ತೆಗೆದುಕೊಳ್ಳುವುದನ್ನು ನೋಡಿತ್ತೇ ಹೊರತು ಆ ಮನೆಯಲ್ಲಿ ಆಮೇಲೆ ಏನಾಗುತ್ತದೆ ಎಂಬುದನ್ನಲ್ಲ. 1983ರ ಡಿಸೆಂಬರಿನಲ್ಲಿ ದಂಡಸಂಹಿತೆಗೆ 498ಎ ಕಲಂ ಸೇರಿತು. ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯ ಮೊದಲ ಬಾರಿಗೆ ಪ್ರತ್ಯೇಕ ಅಪರಾಧವಾಯಿತು. ಅದೇ ತಿದ್ದುಪಡಿ, ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನಾಸ್ಪದವಾಗಿ ಸತ್ತರೆ ಶವಪರೀಕ್ಷೆ ಮಾಡಿಸಬೇಕು, ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬೇಕು ಎಂದಿತು. ನಮ್ಮಲ್ಲಿ ಇಂಥ ಸಾವುಗಳ ಪಂಚನಾಮೆಗೆ ತಹಶೀಲ್ದಾರರು ಬರುವುದು ಈ ಕಾರಣಕ್ಕೆ. 1986ರಲ್ಲಿ ‘ವರದಕ್ಷಿಣೆ ಸಾವು’ ಎಂಬ 304ಬಿ ಬಂತು. ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸಿಸಿದ್ದು ಸಾಬೀತಾದರೆ ನ್ಯಾಯಾಲಯ ಗಂಡನ ಮನೆಯವರ ವಿರುದ್ಧ ಪೂರ್ವಭಾವನೆ ತಾಳಬೇಕು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ 85, 86 ಮತ್ತು 80ನೇ ಕಲಂಗಳು.

ಏಳು ವರ್ಷ ಎಂಬ ಗಡಿ ನನ್ನನ್ನು ಬಹಳ ಕಾಲ ಕಾಡಿದೆ. ಕಾನೂನಿಗೆ ಎಲ್ಲೋ ಒಂದು ಗೆರೆ ಬೇಕು, ಒಪ್ಪೋಣ. ಆದರೆ ಹೀಗೆ ಕ್ಯಾಲೆಂಡರೇ ಒಂದು ಗುರುತಾಯಿತು. ಎಂಟನೇ ವರ್ಷದಲ್ಲಿ ಸತ್ತವಳ ಮೈಮೇಲಿನ ಸುಟ್ಟಗಾಯ ಆರನೇ ವರ್ಷದವಳ ಗಾಯದಂತೆಯೇ ಇದ್ದರೂ ಬೇರೆ ಕಡತಕ್ಕೆ ಹೋಗುತ್ತದೆ.

ಬೆಂಗಳೂರಿಗೆ ಬರೋಣ. 1979ರಲ್ಲಿ ಆರಂಭವಾದ ‘ವಿಮೋಚನಾ’ ಸಂಘಟನೆಯವರು 1990ರ ದಶಕದ ಕೊನೆಯಲ್ಲಿ ನಗರದ ಮಹಿಳೆಯರ ಅಸಹಜ ಸಾವಿನ ದಾಖಲೆಗಳನ್ನು ಒಂದೊಂದಾಗಿ ನೋಡತೊಡಗಿದರು. 1997ರಲ್ಲಿ ದಾಖಲಾಗಿದ್ದ ಇಂಥ ಸಾವುಗಳು 1,133. ಇವುಗಳಲ್ಲಿ ಕೊಲೆಯೆಂದು ಪರಿಗಣಿತವಾದವು 157. ಆತ್ಮಹತ್ಯೆಗಳು 546. ಉಳಿದ 430 ‘ಆಕಸ್ಮಿಕ’. ಆಕಸ್ಮಿಕಗಳ ಸಾಲಿನಲ್ಲಿ ಮತ್ತೆ ಮತ್ತೆ ಬರುವ ವಿವರಣೆ ಸ್ಟೌ ಸಿಡಿತ, ಅಡುಗೆಮನೆಯ ಅವಘಡ.

ಪಂಪ್ ಹೊಡೆದು ಹಚ್ಚುವ ಸೀಮೆಎಣ್ಣೆ ಸ್ಟೌ ಆಗ ಲಕ್ಷಾಂತರ ಮನೆಗಳಲ್ಲಿತ್ತು. ಅದು ಸಿಡಿಯುವುದಿಲ್ಲ ಎಂದಲ್ಲ, ಸಿಡಿಯುತ್ತಿತ್ತು. ಕಳಪೆ ಸ್ಟೌಗಳಿದ್ದವು, ನೈಲಾನ್ ಸೀರೆಗಳಿದ್ದವು, ಗಾಳಿಯಾಡದ ಒಂದೇ ಕೋಣೆಯ ಮನೆಗಳಿದ್ದವು. ಹೋರಾಟಗಾರ್ತಿಯರು ಕೇಳಿದ ಪ್ರಶ್ನೆ ಸರಳವಾಗಿತ್ತು. ಅದೇ ಸ್ಟೌ ಮುಂದೆ ಅತ್ತೆಯೂ ಕೂರುತ್ತಾಳೆ, ನಾದಿನಿಯೂ ಕೂರುತ್ತಾಳೆ. ಸಿಡಿಯುವುದು ಮಾತ್ರ ಹೊಸ ಸೊಸೆಯ ಮುಂದೆಯೇ ಏಕೆ? ಇದರ ಬೆನ್ನಿಗೆ ಬಂದವು ಉಳಿದ ಪ್ರಶ್ನೆಗಳು. ಸಿಡಿದ ಸ್ಟೌ ಎಲ್ಲಿ? ಅಡುಗೆಯ ಹೊತ್ತೇ ಅದು? ಕೆಳಗಿನಿಂದ ಸೀರೆಗೆ ಬೆಂಕಿ ಹತ್ತಿದರೆ ಆಗುವ ಗಾಯ, ತಲೆಯ ಮೇಲಿಂದ ಎಣ್ಣೆ ಸುರಿದರೆ ಆಗುವ ಗಾಯ ಬೇರೆಬೇರೆ, ಯಾವುದು ಇದು? ಆಸ್ಪತ್ರೆಗೆ ಕರೆತಂದವರು ಯಾರು, ಎಷ್ಟು ಹೊತ್ತಿನ ಮೇಲೆ? ಮರಣಪೂರ್ವ ಹೇಳಿಕೆ ಬರೆದುಕೊಳ್ಳುವಾಗ ಮಂಚದ ಪಕ್ಕ ನಿಂತಿದ್ದವರು ಯಾರು?

ಈ ಕೊನೆಯ ಪ್ರಶ್ನೆಯಲ್ಲಿ ಇಡೀ ವಿಷಯವೇ ಅಡಗಿದೆ. ಸುಟ್ಟಗಾಯದ ವಾರ್ಡಿನಲ್ಲಿ ಮಲಗಿದವಳಿಗೆ ಹೊರಗೆ ಎಳೆಯ ಮಕ್ಕಳಿರುತ್ತಾರೆ. ತಾನು ಬದುಕಿದರೆ ಮರಳಬೇಕಾದದ್ದು ಅದೇ ಮನೆಗೆ, ಸತ್ತರೆ ಮಕ್ಕಳು ಬೆಳೆಯಬೇಕಾದದ್ದೂ ಅದೇ ಮನೆಯಲ್ಲಿ. ಕಾಫಿ ಕಾಯಿಸಲು ಹೋದಾಗ ಸ್ಟೌ ಸಿಡಿಯಿತು ಎಂದು ಅವಳೇ ಹೇಳಿ ಹೆಬ್ಬೆಟ್ಟು ಒತ್ತಿದರೆ ಅದನ್ನು ಸುಳ್ಳು ಎಂದುಬಿಡಲು ನನಗೆ ಮನಸ್ಸಾಗುವುದಿಲ್ಲ. ಅದು ಮಕ್ಕಳಿಗಾಗಿ ಅವಳು ಮಾಡಿಕೊಂಡ ಕೊನೆಯ ಏರ್ಪಾಡು. ಚರಿತ್ರೆಯ ವಿದ್ಯಾರ್ಥಿಗಳು ಆಕರವನ್ನು ನಂಬಬೇಕೆ ಬಿಡಬೇಕೆ ಎಂದು ಕೇಳುತ್ತೇವೆ. ಇಲ್ಲಿ ಕೇಳಬೇಕಾದದ್ದು, ಈ ಮಾತು ಯಾರ ಮುಂದೆ, ಯಾರ ಭಯದಲ್ಲಿ ಹುಟ್ಟಿತು ಎಂದು.

ಇಷ್ಟಾದರೂ ಇದೆಲ್ಲ ಕೊನೆಯ ಗುರುತುಗಳ ಓದು. 498ಎ ಕಲಂ ದೇಹದ ಜೊತೆ ಮಾನಸಿಕ ಆರೋಗ್ಯಕ್ಕಾಗುವ ಹಾನಿಯನ್ನೂ ಕ್ರೌರ್ಯದ ವ್ಯಾಖ್ಯೆಯಲ್ಲಿ ಸೇರಿಸಿತ್ತು. ವ್ಯವಹಾರದಲ್ಲಿ ಮಾತ್ರ ವರದಕ್ಷಿಣೆಯ ಬೇಡಿಕೆ ಇದೆಯೇ, ಗಾಯ ಇದೆಯೇ ಎಂಬುದರ ಮೇಲೆ ಎಲ್ಲರ ಕಣ್ಣಿತ್ತು. ಗಾಯವಿಲ್ಲದ ಹಿಂಸೆಗೆ ಸಾಹಿತ್ಯದ ಹೊರಗೆ ಭಾಷೆಯಿರಲಿಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ನೆನೆಯಿರಿ, 1971ರ ಪುಟ್ಟಣ್ಣ ಕಣಗಾಲ್ ಸಿನಿಮಾದ ಮೂಲಕವಾದರೂ ಅವಳನ್ನು ಬಲ್ಲವರು ಬಹಳ. ಮನೋರೋಗ ವಾಸಿಯಾಗಿ ಮನೆಗೆ ಮರಳಿದವಳ ಪ್ರತಿ ನಗು, ಪ್ರತಿ ಸಿಟ್ಟನ್ನೂ ಮನೆಯವರು ಹುಚ್ಚಿನ ಲಕ್ಷಣವೆಂದು ಓದುತ್ತಾರೆ. ಗಂಡನ ನಡತೆಯನ್ನು ಯಾರೂ ಲಕ್ಷಣವೆಂದು ಓದುವುದಿಲ್ಲ. ಅಲ್ಲಿ ಯಾರೂ ಅವಳ ಮೇಲೆ ಕೈ ಎತ್ತಬೇಕಾಗಿಲ್ಲ.

ಕಾನೂನು ಈ ಭಾಷೆಯನ್ನು ಕಲಿತದ್ದು 2005ರಲ್ಲಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಕಾಯ್ದೆಯ ಬಗ್ಗೆ ಬರೆದವರು ಬಹಳ. ಅದರ ನಿಯಮಗಳಿಗೆ ಅಂಟಿಸಿದ ಮೊದಲ ನಮೂನೆಯ ಬಗ್ಗೆ ಬರೆದವರು ಕಡಿಮೆ. ಸಂರಕ್ಷಣಾಧಿಕಾರಿ ತುಂಬಬೇಕಾದ ಕೌಟುಂಬಿಕ ಘಟನಾ ವರದಿ ಅದು. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಈ ಹೊಣೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅಂಗನವಾಡಿಯ ಮೊಟ್ಟೆ, ಹಾಲಿನಪುಡಿಯ ಲೆಕ್ಕ ನೋಡುವ ಅದೇ ಅಧಿಕಾರಿ.

ಈ ನಮೂನೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಸರ್ಕಾರಿ ಕೋಷ್ಟಕವೇ ಆದರೂ ಓದುತ್ತಾ ಹೋದಂತೆ ಒಂದು ಮನೆಯ ನಕ್ಷೆ ಬಿಡಿಸಿಕೊಳ್ಳುತ್ತದೆ. ನಡತೆಯ ಮೇಲೆ ಅಪವಾದ. ವರದಕ್ಷಿಣೆ ತಂದಿಲ್ಲವೆಂಬ ಹೀಯಾಳಿಕೆ. ಗಂಡುಮಗು ಹೆರಲಿಲ್ಲವೆಂಬ ಹೀಯಾಳಿಕೆ. ಮಗುವೇ ಇಲ್ಲವೆಂಬುದಕ್ಕೆ ಬೇರೆಯದೇ ಸಾಲು. ಮನೆಯಿಂದ ಹೊರಹೋಗದಂತೆ ತಡೆಯುವುದು. ಇಂಥವರನ್ನು ಭೇಟಿಯಾಗಬಾರದೆಂದು ತಡೆಯುವುದು. ಕೆಲಸಕ್ಕೆ ಸೇರದಂತೆ ತಡೆಯುವುದು, ಸೇರಿದ್ದರೆ ಸಂಬಳ ಕಿತ್ತುಕೊಳ್ಳುವುದು. ಊಟ, ಬಟ್ಟೆ, ಔಷಧಿ ಕೊಡದಿರುವುದು. ಸ್ತ್ರೀಧನವನ್ನು ಕೇಳದೆ ಮಾರುವುದು, ಅಡವಿಡುವುದು. ಮನೆಯ ಯಾವುದಾದರೂ ಭಾಗವನ್ನು ಬಳಸಲು ಬಿಡದಿರುವುದು. ಬಾಡಿಗೆ ಕಟ್ಟದಿರುವುದು, ಕರೆಂಟ್ ಬಿಲ್ ಕಟ್ಟದಿರುವುದು.

ಕರೆಂಟ್ ಬಿಲ್ಲು ಹಿಂಸೆಯ ಪಟ್ಟಿಯಲ್ಲಿ ಏಕೆ ಎಂದು ಮೊದಲ ಓದಿಗೆ ಅನಿಸಬಹುದು. ಗಂಡ ಬೇರೆ ಕಡೆ ಹೋಗಿ ನೆಲೆಸಿದ್ದಾನೆ, ಮೀಟರು ಅವನ ಹೆಸರಿನಲ್ಲಿದೆ, ಬಿಲ್ಲು ಕಟ್ಟುವುದನ್ನು ನಿಲ್ಲಿಸಿದ್ದಾನೆ, ಒಂದು ಸಂಜೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ ಎಂದು ಊಹಿಸಿ. ಅವನು ಮನೆಯಲ್ಲೇ ಇಲ್ಲ, ಹೊಡೆದಿಲ್ಲ, ಬೈದಿಲ್ಲ. ಮಕ್ಕಳು ಕತ್ತಲಲ್ಲಿ ಕೂತಿದ್ದಾರೆ. ನಿಯಮ ಬರೆಯಲು ಕೂತವರಿಗೆ ಇಂಥ ಮನೆಗಳ ಕಥೆಗಳು ಗೊತ್ತಿದ್ದುದರಿಂದಲೇ ಈ ಸಾಲು ಬಂತು ಎಂದು ನನ್ನ ಊಹೆ. ದಿನದಿನದ ಹಿಡಿತವನ್ನೇ ಇಂಗ್ಲೆಂಡ್ ‘ಬಲವಂತದ ನಿಯಂತ್ರಣ’ ಎಂದು ಹೆಸರಿಸಿ ಅಪರಾಧವಾಗಿಸಿದ್ದು 2015ರಲ್ಲಿ. ನಮ್ಮದು ಸಿವಿಲ್ ಸ್ವರೂಪದ ಪರಿಹಾರ, ಅವರದು ಶಿಕ್ಷೆ, ವ್ಯತ್ಯಾಸವಿದೆ. ಆದರೂ ಗುರುತುಗಳ ಪಟ್ಟಿ ನಮ್ಮಲ್ಲಿ ಒಂಬತ್ತು ವರ್ಷ ಮುಂಚೆಯೇ ಅಚ್ಚಾಗಿತ್ತು. ಪಾಶ್ಚಾತ್ಯ ಪರಿಕಲ್ಪನೆ ತಂದು ನಮ್ಮ ಸಂಸಾರ ಒಡೆಯುತ್ತಾರೆ ಎನ್ನುವವರ ಗಮನಕ್ಕೆ ಇದೂ ಬರಲಿ.

ದುರ್ಬಳಕೆಯ ಮಾತು ಇಲ್ಲಿ ಬಂದೇ ಬರುತ್ತದೆ. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 498ಎ ಅಡಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಪೊಲೀಸರಿಗೆ ಕಟ್ಟುನಿಟ್ಟಾಗಿ ಹೇಳಿತು. ಬಂಧನಕ್ಕೆ ಮುನ್ನ ಯೋಚಿಸಿ ಎಂಬುದರಲ್ಲಿ ತಪ್ಪೇನೂ ಕಾಣದು. ತಪ್ಪಿರುವುದು ಖುಲಾಸೆಯಾದ, ರಾಜಿಯಾದ ಪ್ರಕರಣಗಳನ್ನೆಲ್ಲ ‘ಸುಳ್ಳು’ ಎಂದು ಎಣಿಸುವ ಚಾಳಿಯಲ್ಲಿ. ವರ್ಷಗಟ್ಟಲೆ ಅಲೆದು ಸೋತು ರಾಜಿಯಾದವಳ ದೂರು ಸುಳ್ಳಾದರೆ, ಭಾಗೀರಥಿ ತವರಿನಲ್ಲಿ ಅತ್ತದ್ದೂ ಸುಳ್ಳೇ ಆಗಬೇಕು.

ಕೊನೆಯದಾಗಿ ಸಮೀಕ್ಷೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರನ್ನು ‘ನಿಮ್ಮ ಮೇಲೆ ಹಿಂಸೆ ನಡೆದಿದೆಯೇ’ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಇಲ್ಲ ಎಂಬ ಉತ್ತರ ಸಿಗುತ್ತದೆ ಎಂಬುದು ಅದನ್ನು ರೂಪಿಸಿದವರಿಗೆ ಗೊತ್ತು. ಕಪಾಳಕ್ಕೆ ಹೊಡೆದಿದ್ದಾರೆಯೇ? ಕೈ ತಿರುಚಿದ್ದಾರೆಯೇ, ಕೂದಲು ಎಳೆದಿದ್ದಾರೆಯೇ? ಗೆಳತಿಯರನ್ನು ಕಾಣಲು ಬಿಡುತ್ತಾರೆಯೇ? ತವರಿನವರೊಡನೆ ಒಡನಾಟ ಕಡಿಮೆ ಮಾಡಿಸಲು ನೋಡುತ್ತಾರೆಯೇ? ಸದಾ ಎಲ್ಲಿದ್ದೀ ಎಂದು ವಿಚಾರಿಸುತ್ತಾರೆಯೇ? ದುಡ್ಡಿನ ವಿಷಯದಲ್ಲಿ ನಂಬುತ್ತಾರೆಯೇ? ಹೀಗೆ ಒಂದೊಂದು ಕ್ರಿಯೆಯನ್ನೂ ಬಿಡಿಬಿಡಿಯಾಗಿ ಕೇಳುತ್ತದೆ. 2019–21ರ ಐದನೇ ಸುತ್ತಿನಲ್ಲಿ, ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತೆಯರ ಪ್ರಮಾಣ ದೇಶದಲ್ಲಿ ಶೇ. 29.3. ಕರ್ನಾಟಕದಲ್ಲಿ ಶೇ. 44.4, ದೇಶದಲ್ಲೇ ಅತಿ ಹೆಚ್ಚು. ಹಿಂದಿನ ಸುತ್ತಿನಲ್ಲಿ ನಮ್ಮ ಅಂಕಿ ಶೇ. 20.6 ಮಾತ್ರವಿತ್ತು.

ನಾಲ್ಕೈದು ವರ್ಷಗಳಲ್ಲಿ ಹೊಡೆತ ಇಮ್ಮಡಿಯಾಯಿತೆ, ಹೇಳುವವರು ಹೆಚ್ಚಾದರೆ? ಎರಡೂ ಸೇರಿರಬಹುದು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ಅಡುಗೆ ಸರಿ ಮಾಡದಿದ್ದರೆ, ಹೇಳದೆ ಹೊರಹೋದರೆ, ಎದುರು ಮಾತಾಡಿದರೆ, ಅತ್ತೆ ಮಾವಂದಿರಿಗೆ ಗೌರವ ಕೊಡದಿದ್ದರೆ ಎಂಬಂಥ ಏಳು ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿ ಎಂದವರು ಕರ್ನಾಟಕದ ಗಂಡಸರಲ್ಲಿ ಶೇ. 81.9, ಹೆಂಗಸರಲ್ಲಿ ಶೇ. 76.9. ಗಾದೆ ಇನ್ನೂ ಕೆಲಸ ಮಾಡುತ್ತಿದೆ. ಹೊಡೆತ ತಿಂದದ್ದನ್ನು ಹೇಳುವವಳೇ ಅದನ್ನು ಸರಿ ಎನ್ನಬಹುದು; ಎರಡೂ ಉತ್ತರಗಳು ಒಂದೇ ಬಾಯಿಂದ, ಒಂದೇ ಮಧ್ಯಾಹ್ನ ಬರಬಹುದು. ಗುರುತು ಕಾಣುವುದಕ್ಕೂ ಅದನ್ನು ಗುರುತೆಂದು ಒಪ್ಪುವುದಕ್ಕೂ ನಡುವೆ ಇಷ್ಟು ದೂರವಿದೆ.

ಹಿಂಸೆ ಅನುಭವಿಸಿದವರಲ್ಲಿ ದೇಶಾದ್ಯಂತ ಶೇ. 77 ಮಂದಿ ಯಾರ ನೆರವನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಕೇಳಿದ ಕೆಲವರು ಹೆಚ್ಚಾಗಿ ಹೋದದ್ದು ತವರಿನವರ ಬಳಿಗೇ. ಹೇಳದಿದ್ದವರಿಗೆ ಕ್ಷೇತ್ರಕಾರ್ಯಕರ್ತೆಯೇ ಮೊದಲ ಕೇಳುಗಳು. ಅವಳಿಗೆ ಕಟ್ಟಳೆಗಳಿವೆ. ಒಂದು ಮನೆಯಲ್ಲಿ ಒಬ್ಬಳನ್ನು ಮಾತ್ರ ಈ ಪ್ರಶ್ನೆ ಕೇಳಬೇಕು. ಕಿವಿ ಬೀಳುವಷ್ಟು ಹತ್ತಿರ ಬೇರೆ ಯಾರೂ ಇರಬಾರದು. ಯಾರಾದರೂ ಒಳಗೆ ಬಂದರೆ ಪ್ರಶ್ನೆ ನಿಲ್ಲಿಸಬೇಕು. ಮಾತು ಮುಗಿದ ಮೇಲೆ, ದೊಡ್ಡವರು ಯಾರಾದರೂ ಕೇಳಿಸಿಕೊಳ್ಳಲು ಯತ್ನಿಸಿದರೆ, ಒಳಬಂದರೆ, ಅಡ್ಡಿಪಡಿಸಿದರೆ ಎಂಬುದನ್ನು ದಾಖಲಿಸಲು ನಮೂನೆಯಲ್ಲಿ ಮೂರು ಸಾಲುಗಳಿವೆ: ಗಂಡ, ಬೇರೆ ಗಂಡಸು, ಹೆಂಗಸು.